ಕಲೆ

ಗೋಪಿ ಸರ್ಕಲ್ಲಿನ ಹಿಂದೆ, ಮಹಡಿ ಮೇಲೆ, ನಮ್ಮ ಫ್ಲೆಕ್ಸ್ ಅಂಗಡಿ.
ನನ್ನ ಕೆಲಸ ಮುಖ ತೊಳೆಯುವುದು.
ಹುಟ್ಟುಹಬ್ಬದ ಮುಖಂಡರು, ಗೃಹಪ್ರವೇಶದ ದಂಪತಿ,
ರ‍್ಯಾಂಕ್ ಬಂದ ಮಕ್ಕಳು, ತೀರಿಕೊಂಡ ಹೋಟೆಲ್ ಭಟ್ಟರು,
ಎಲ್ಲರ ಕೆನ್ನೆಯನ್ನೂ ಒಂದು ಸುತ್ತು ಬೆಳ್ಳಗೆ ಮಾಡಿ
ಮೊಡವೆ, ಮಚ್ಚೆ, ಸಿಡುಬಿನ ಗುಳಿ
ಪಕ್ಕದ ಚರ್ಮದಿಂದ ಒಂದು ಚಿಟಿಕೆ ಎತ್ತಿ ಮುಚ್ಚಿಬಿಡುತ್ತೇನೆ.
ಹನ್ನೊಂದು ವರ್ಷದಲ್ಲಿ
ಶಿವಮೊಗ್ಗದ ಅರ್ಧ ಊರಿನ ಮಚ್ಚೆ
ನನ್ನ ಬೆರಳ ತುದಿಯಲ್ಲಿ ಕಾಣೆಯಾಗಿದೆ.

ರಾತ್ರಿ, ಮಷೀನು ತಣ್ಣಗಾದ ಮೇಲೆ,
ಬಾಹ್ಯಾಕಾಶದ ಚಿತ್ರ ಇಳಿಸಿಕೊಳ್ಳುತ್ತೇನೆ.
ಹದಿನೈದು ಲಕ್ಷ ಕಿಲೋಮೀಟರ್ ಆಚೆ
ಸೂರ್ಯನಿಗೆ ಬೆನ್ನು ಮಾಡಿ, ಐದು ಪದರದ ಕೊಡೆ ಬಿಚ್ಚಿ
ಚಿನ್ನ ಬಳಿದ ಕನ್ನಡಿಯೊಂದು ಕತ್ತಲನ್ನೇ ನೋಡುತ್ತ ಕೂತಿದೆ.
ಒಂದು ಫೈಲು ಇಳಿಯಲು ಎರಡು ಲೋಟ ಚಹಾ.
ಇಲ್ಲಿ ಜೂನ್ ಹಿಡಿದರೆ ನಕ್ಷತ್ರದ ಮಾತು ಕೇಳಬೇಡಿ,
ಚಂದ್ರನೇ ವಾರಕ್ಕೊಮ್ಮೆ ಹಾಜರಿ ಹಾಕಿ ಹೋಗುತ್ತಾನೆ.

ಇಂಕು ತುಂಬುವ ಜಬೀವುಲ್ಲಾ ನಗುತ್ತಾನೆ:
‘ಅಕ್ಕಾ, ಅದಕ್ಕೂ ನಮ್ಮಂಥವರೇ ಬಣ್ಣ ಹಚ್ಚಿರೋದು.
ಕಣ್ಣಿಗೇ ಕಾಣದ ಬೆಳಕಿಗೆ ಕೆಂಪೇನು, ನೀಲಿಯೇನು?’
ನಿಜವೇ. ನಾಲ್ಕು ದಿನ ನನಗೂ ಸಪ್ಪೆಯಾಗಿತ್ತು.
ಆಮೇಲೆ ಹೊಳೆಯಿತು.
ಯಾರೋ ತೀರಾ ಮಂದ್ರದಲ್ಲಿ, ಕಿವಿ ಇಳಿಯದ ಆಳದಲ್ಲಿ ಹಾಡುತ್ತಿದ್ದರೆ
ಶ್ರುತಿ ಏರಿಸಿ ನಮಗೆ ಕೇಳಿಸುತ್ತಾರೆ.
ಹಾರ್ಮೋನಿಯಮ್ಮಿನ ಮನೆ ಬದಲಾಯಿತು, ಅಷ್ಟೆ.
ರಾಗ ಅದೇ.

ಮೊನ್ನೆ ತೆರೆದದ್ದು ಬಹಳ ಚಿಕ್ಕ ಆಕಾಶ.
ಕೈ ಚಾಚಿ ಒಂದು ಮರಳಿನ ಕಾಳು ಹಿಡಿದರೆ,
ತುಂಗೆಯದೇ ಇರಲಿ, ಅದು ಮುಚ್ಚುವಷ್ಟು.
ಅಷ್ಟರಲ್ಲೇ ಸಾವಿರಾರು ಗೆಲಾಕ್ಸಿ: ಎಳ್ಳು ಚೆಲ್ಲಿದ ಹಾಗೆ ಕೆಲವು,
ಬಿಲ್ಲಿನ ಹಾಗೆ ಬಾಗಿದವು, ಮಗ್ಗುಲಾಗಿ ಮಲಗಿದವು,
ಕಜ್ಜಾಯದ ಅಂಚಿನಂತೆ ಹರಿದವು.
ಹಿಗ್ಗಿಸುತ್ತ ಹೋದೆ.
ಎಡಮೂಲೆಯಲ್ಲಿ ಒಂದು ಕೆಂಪು ಚುಕ್ಕೆ.
ಕೈ ನನ್ನನ್ನು ಕೇಳಲಿಲ್ಲ.
ಪಕ್ಕದ ಕಪ್ಪಿನಿಂದ ಒಂದು ಚಿಟಿಕೆ ಎತ್ತಿ ಮುಚ್ಚಿತು.
ಸೇವ್.

ಬೆಳಿಗ್ಗೆ ವಿವರಣೆ ಓದಿದರೆ
ಆ ಚುಕ್ಕೆಗೇ ಬಾಣದ ಗುರುತು ಹಾಕಿದ್ದರು.
ಸಾವಿರದ ಮುನ್ನೂರು ಕೋಟಿ ವರ್ಷ ನಡೆದ ಬೆಳಕು
ನಮ್ಮ ಮಹಡಿಯ ಹದಿನೆಂಟು ಮೆಟ್ಟಿಲನ್ನೂ ಹತ್ತಿ ಬಂದು
ನನ್ನ ಕೈಲಿ ಒರೆಸಿಕೊಂಡು ಹೋಗಿತ್ತು.
ಅನ್‌ಡೂ ಒತ್ತಿದೆ. ಮುಚ್ಚಿ ತೆರೆದ ಫೈಲು, ಹಿಂದಕ್ಕೆ ಬರಲಿಲ್ಲ.
ಮೊದಲಿಂದ ಇಳಿಸಿದೆ.
ಮತ್ತೆ ಎರಡು ಲೋಟ ಚಹಾ.

ಅವತ್ತಿನಿಂದ ಕೈ ಅಳುಕುತ್ತದೆ.
ಭದ್ರಾವತಿಯ ಮುಖಂಡರೊಬ್ಬರು ಮೂಗಿನ ಮೇಲಿನ ನರುಳ್ಳೆ ಸಮೇತ
ಇಪ್ಪತ್ತಡಿ ಎತ್ತರ ನಗುತ್ತ ನಿಂತುಬಿಟ್ಟರು.
ಮಾಲೀಕ ತೀರ್ಥಪ್ಪಣ್ಣ ಬೈದು, ಸಂಬಳದಲ್ಲಿ ಹಿಡಿದುಕೊಂಡರು.
ಶ್ರದ್ಧಾಂಜಲಿ ಬ್ಯಾನರ್ ಒಯ್ಯಲು ಬಂದ ಕಂಡಕ್ಟರ ಹೆಂಡತಿ
ಅವರ ಕಿವಿಯ ಕೆಳಗೆ ಬೆರಳಿಟ್ಟು
‘ಇದನ್ನ ಹಾಗೇ ಬಿಟ್ಟಿದೀರಲ್ಲ’ ಎಂದಳು.
ಆಕ್ಷೇಪವೋ, ಬೇರೇನೋ, ನಾನು ಕೇಳಲಿಲ್ಲ.
ಸುತ್ತಿ, ರಬ್ಬರ್ ಬ್ಯಾಂಡು ಹಾಕಿ ಕೊಟ್ಟೆ.

ನಿನ್ನೆ ರೋಲಿನ ಅಂಚಿಗೆ ಆರಿಂಚು ಉಳಿದಿತ್ತು.
ಆ ಚುಕ್ಕೆಯೊಂದನ್ನೇ ಹಿಗ್ಗಿಸಿ ಪ್ರಿಂಟ್ ತೆಗೆದೆ:
ಕಪ್ಪಿನ ನಡುವೆ ನಾಲ್ಕು ಚೌಕ.
ಮೂರು ಕೆಂಪು. ಒಂದು, ಕೆಂಪಾಗಲೋ ಬೇಡವೋ ಎಂಬಂತೆ.
ಸ್ವಿಚ್‌ಬೋರ್ಡಿನ ಮೇಲೆ ಅಂಟಿಸಿದ್ದೇನೆ.
ತೀರ್ಥಪ್ಪಣ್ಣ ಕನ್ನಡಕ ಏರಿಸಿ ಹತ್ತಿರ ಬಂದು ನೋಡಿದರು.
‘ಏನಮ್ಮ ಇದು, ಇಂಕ್ ಟೆಸ್ಟಾ?’
‘ಹೂಂ’ ಅಂದೆ.
‘ಕಪ್ಪು ಸರಿಯಾಗಿ ಬರ್ತಿದೆಯಾ ಅಂತ ನೋಡ್ತಿದ್ದೆ.’