ಏಳನೆಯ ಲಕೋಟೆ

ಬೆಂಕಿರೋಗ ಎನ್ನುತ್ತಾರೆ.
ನೀರಲ್ಲಿ ನಿಂತ ಬೆಳೆಗೆ ಬೆಂಕಿ.
ಅಂಗಡಿಮೊಗರಿನ ಬೈಲಲ್ಲಿ, ಶಿರಿಯಾ ಹೊಳೆಯ ಮಗ್ಗುಲಲ್ಲಿ,
ಮೊಣಕಾಲುದ್ದ ಕೆಸರಲ್ಲಿ ನಿಂತು
ಅದನ್ನು ನಾನು ಉಗುರು ತೆಗೆಯುವ ಕತ್ತರಿಯಿಂದ
ಎಲೆ ಎಲೆಯಾಗಿ ಕತ್ತರಿಸಿಕೊಂಡಿದ್ದೇನೆ.

ಎಲೆಯ ಮೇಲೆ ಕಣ್ಣಿನಂಥ ಕಲೆ:
ಎರಡೂ ತುದಿ ಚೂಪು, ಅಂಚು ಕಂದು, ನಡುವೆ ಬೂದಿ.
ಏಳು ಎಲೆ, ಏಳು ಕಾಗದದ ಲಕೋಟೆ,
ಪೆನ್ಸಿಲಿನಲ್ಲಿ ತಾರೀಕು, ಜಾಗದ ಗುರುತು:
ತೋಡಿನ ಬದಿ. ಹುಣಸೆಯ ನೆರಳು. ಪಂಪಿನ ಕೊಟ್ಟಿಗೆ ಹಿಂದೆ.
ಐತ್ತು ಬೆಳ್ಚಪ್ಪಾಡ ಕಟ್ಟಪುಣಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿದ:
"ಒಂದೇ ಗದ್ದೆ ಅಲ್ವಾ ಮಾರಾಯ್ತಿ, ಒಂದು ಎಲೆ ಸಾಲದಾ?"

ಸಾಲುತ್ತದೆ ಅಂದುಕೊಂಡವಳೇ ನಾನೂ.

ಸೂಕ್ಷ್ಮದರ್ಶಕದಡಿ ಅದು ಪೇರಳೆಯ ಆಕಾರ,
ಒಳಗೆ ಮೂರು ಕೋಣೆ, ಎರಡು ಗೋಡೆ.
ಇಬ್ಬನಿಯ ಹೊತ್ತಿಗೆ ಹೊರಡುತ್ತದೆ.
ಎಲೆಗೆ ಅಂಟಿ ಕಪ್ಪು ಗುಮ್ಮಟ ಕಟ್ಟಿ
ಲಾರಿ ಟಯರಿನ ಹತ್ತು ಪಾಲು ಒತ್ತಡ ತುಂಬಿಕೊಂಡು
ಒಂದು ಸೂಜಿ ಇಳಿಸುತ್ತದೆ. ಸದ್ದಿಲ್ಲ.

ನೇರಳೆ ದೀಪದಡಿ ಜೆಲ್ಲಿನಲ್ಲಿ ಏಳು ಸಾಲು ಗೆರೆ ಮೂಡಿತು.
ಬಿಂದುಲೇಖ ಬೆರಳಿಟ್ಟು ಎಣಿಸಿದಳು, ಮತ್ತೆ ಎಣಿಸಿದಳು,
ಚಾ ತಣಿಯಿತು.
ಒಂದಕ್ಕಿದ್ದ ಗೆರೆ ಇನ್ನೊಂದಕ್ಕಿಲ್ಲ.
ಗಂಡು ಹೆಣ್ಣು ಕೂಡದೆ
ತನ್ನನ್ನೇ ನಕಲು ಮಾಡಿಕೊಂಡು ಬದುಕುವ ಜೀವ
ನಕಲಿನಲ್ಲಿ ಎಲ್ಲೋ ಒಂದಕ್ಷರ ಬಿಟ್ಟು
ಬಿಟ್ಟುಹೋದದ್ದನ್ನೇ ದಾರಿ ಮಾಡಿಕೊಂಡಿದೆ.

ಭತ್ತದೊಳಗೊಬ್ಬ ಕಾವಲುಗಾರ.
ಅವನಿಗೆ ಗೊತ್ತಿರುವುದು ಒಂದೇ ಹೆಸರು.
ಆ ಹೆಸರು ಬಂತೋ, ಸುತ್ತಲಿನ ತನ್ನ ಜೀವಕೋಶಗಳನ್ನೇ ಕೊಂದು
ದಾರಿ ಮುಚ್ಚುತ್ತಾನೆ.
ಬಂದದ್ದು ಹೆಸರನ್ನು ತೋಡಿಗೆ ಎಸೆದು ಬಂದಿದ್ದರೆ
ಬೀಡಿ ಸೇದುತ್ತಾ ಕೂತಿರುತ್ತಾನೆ.

ಇದನ್ನು ಹೇಳಿದಾಗ ಐತ್ತು ನಕ್ಕ.
"ರೇಷನ್ ಕಾರ್ಡಿನಲ್ಲಿ ನಾನು ಅಯ್ತ. ಪಟ್ಟೆಯಲ್ಲಿ ಐತಪ್ಪನ್.
ಮಲಯಾಳದ ಕರೆಂಟು ಬಿಲ್ಲಿನಲ್ಲಿ ಎಂತ ಉಂಟೋ ಓದಲಿಕ್ಕೆ ಬರುವುದಿಲ್ಲ.
ಗದ್ದೆಗಿಳಿಯುವ ಕಾಲು ಮಾತ್ರ ಇದೇ ಎರಡು."

ಏಳನೆಯ ಲಕೋಟೆಯ ಗೆರೆ ನಮ್ಮ ಹಳೆಯ ಕಡತದಲ್ಲಿತ್ತು:
ಪಾಲಕ್ಕಾಡಿನ ನೆಮ್ಮಾರ, ಮೂರು ವರ್ಷದ ಹಿಂದಿನ ಎಲೆ.
ಗೆರೆಗೆ ಗೆರೆ, ಅವಳಿ.
ಅಷ್ಟು ದೂರ ಗಾಳಿ ಹೊತ್ತು ತರಲಾರದು.
ಹೊರಗಿನ ಬೀಜ ತಂದಿದ್ದಿರಾ?
ಇಲ್ಲ ಎಂದ. ಪಂಪಿನ ಕೊಟ್ಟಿಗೆಯ ಕಡೆ ನೋಡಿದ.
ಒಳಗಿನಿಂದ ಕಾರ್ತ್ಯಾಯಿನಿ, ಒದ್ದೆ ಕೈ ಒರಸುತ್ತಾ:
"ಮಗಳ ಸೀಮಂತಕ್ಕೆ ಹೋದಾಗ ಅವಳ ಅತ್ತೆ ಕೊಟ್ಟದ್ದು,
ಎರಡು ಸೇರು. ಅನ್ನ ಪರಿಮಳ ಅಂತ.
ಬೀಗಿತ್ತಿಗೆ ಬೇಡ ಅನ್ನಲಿಕ್ಕಾಗುತ್ತದಾ?"

ಚಾಪೆಯಗಲದ ಒಂದು ಮಡಿ, ಅಷ್ಟೆ.

ವರದಿಯಲ್ಲಿ ಬರೆದೆ: ಬೀಜದ ಮೂಲಕ ಪ್ರಸರಣ, ಸಂಭವನೀಯ.
ಆ ಕೋಷ್ಟಕದಲ್ಲಿ ಬೀಗಿತ್ತಿಗೆ ಕಾಲಮ್ಮು ಇಲ್ಲ.

ಈ ಏಣೆಲಿಗೆ ಐತ್ತು ನಾಲ್ಕು ಬೀಜ ಬೆರೆಸಿ ನೇಜಿ ಹಾಕಿದ.
ಪೈರು ಒಂದೇ ಎತ್ತರ ಅಲ್ಲ, ಒಂದೇ ಹಸಿರೂ ಅಲ್ಲ,
ಬಸ್ಸಿನಿಂದ ಇಳಿದವರು ನಿಂತು ನಗುತ್ತಾರೆ.
"ಕಳ್ಳರು ಏಳು, ಬೀಗ ಒಂದು, ಆಗುತ್ತದಾ?" ಅನ್ನುತ್ತಾನೆ ಅವರಿಗೆ.
ಅಲ್ಲಲ್ಲಿ ಕಲೆ ಇದೆ. ಗದ್ದೆ ಹೊತ್ತಿಕೊಂಡಿಲ್ಲ.
ಕೊಯ್ಯುವಾಗ ಏನಾಗುವುದೋ, ಯಾವುದು ಮೊದಲು ಹಣ್ಣಾಗುವುದೋ,
ಅವನಿಗೂ ಗೊತ್ತಿಲ್ಲ.

ಮೊನ್ನೆ ಮತ್ತೆ ಹೋದೆ,
ಬೆಳಗಿನಿಂದ ನಾಲ್ಕು ಊರಿನ ಗದ್ದೆ ತುಳಿದು ಬಂದವಳು.
ಕಟ್ಟಪುಣಿಯ ತುದಿಯಲ್ಲಿ ಕಾರ್ತ್ಯಾಯಿನಿ ಚೊಂಬು ಹಿಡಿದು ನಿಂತಿದ್ದಳು.
ಉಪಚಾರ ಅಂದುಕೊಂಡು ಕೈ ಚಾಚಿದೆ.
"ಕುಡಿಯಲಿಕ್ಕಲ್ಲ. ಕಾಲು."
ನನ್ನ ಚಪ್ಪಲಿಯನ್ನು ಮಗುಚಿ ನೋಡಿದಳು.
ಅಡಿಯ ಕೆಸರಿನಲ್ಲಿ ಒಣಗಿದ ಎಲೆಯ ಚೂರು,
ನಡುವೆ ಬೂದಿ, ಅಂಚು ಕಂದು.

ಚೀಲದಲ್ಲಿ ಹುಡುಕಿದೆ.
ಲಕೋಟೆ ಮುಗಿದಿತ್ತು.