ಹದಿನೇಳನೇ ಚೀಲ

ಬಿಸಾನತ್ತದ ಗಣಿಗೆ ಈಗ ಕಾವಲಿಲ್ಲ.
ಬಾವಿಯ ಬಾಯಿಗೆ ಸಿಮೆಂಟು ಮೆತ್ತಿದ್ದಾರೆ,
ಬಿರುಕಿನಲ್ಲಿ ತಂಗಡಿ ಹೂ ಬಿಟ್ಟಿದೆ.
ಹೊರಗೆ ಸುರಿದ ಕಲ್ಲಿನ ಗುಡ್ಡೆಯ ಮೇಲೆ
ನಾನು, ಸುತ್ತಿಗೆ, ನಲವತ್ತು ಬಟ್ಟೆಚೀಲ.
ಚೀಲಕ್ಕೊಂದು ಚೀಟಿ:
ನಂಬರು, ತಾರೀಖು, ಎಷ್ಟು ಆಳ, ಎತ್ತಿದವರು ಯಾರು.

ಕುಪ್ಪಂ ಬಸ್ಸಿಳಿದವನಿಗೆ ದಾರಿ ತೋರಲು ಬಂದ ಗುರ್ರಮ್ಮ
ಚೀಟಿ ನೋಡುವವಳಲ್ಲ.
ಕಲ್ಲನ್ನು ಅಂಗೈಯಲ್ಲಿ ಎರಡು ಸಲ ಕುಣಿಸುತ್ತಾಳೆ:
'ಇದು ಬರೀ ಬೆಣಚು, ಬಿಸಾಕು ಸಾ.
ಇದ್ರಾಗೆ ಹೊಗೆ ಐತೆ, ಇಕ್ಕೋ.'
ನೋಡಿದರೆ ನಿಜ, ಬಿಳಿಯ ಒಳಗೆ ನೀಲಿ ಹೊಗೆಯಂಥ ಗೆರೆ,
ನಾನು ಬೆಳಗಿನಿಂದ ಹುಡುಕುತ್ತಿದ್ದದ್ದು.
ಹನ್ನೊಂದು ವರ್ಷ ಕಂಪನಿಯ ಪಟ್ಟಿಯ ಪಕ್ಕ ಕೂತು
ಕಲ್ಲು ಆರಿಸಿದವಳು.
'ಅಕ್ಕಿಯಾಗೆ ಕಲ್ಲು ತೆಗೀತೀವಲ್ಲ,
ಅಲ್ಲಿ ಕಲ್ಲಾಗೇ ಕಲ್ಲು ತೆಗೀಬೇಕಿತ್ತು.'
ಎಣಿಸುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ.

ಮಧ್ಯಾಹ್ನ ಅವಳ ಮನೆಯಲ್ಲಿ ಮಜ್ಜಿಗೆ.
ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲಿಂದ
ಒಂದು ಕಲ್ಲೆತ್ತಿ, ಸೆರಗಿನಲ್ಲಿ ಒರೆಸಿ,
ಒಮ್ಮೆಯೂ ಕುಣಿಸದೆ ನನ್ನ ಕೈಗಿಟ್ಟಳು.
ಗಂಡ ಬುತ್ತಿಡಬ್ಬಿಯಲ್ಲಿ ತಂದದ್ದು,
ಎಂಟುನೂರಡಿ ಕೆಳಗಿಂದ, ಕೊನೆಯ ಪಾಳಿಯ ದಿನ.
ಗೇಟಿನವರು ಹಿಡಿಯಲಿಲ್ಲ,
ಲೈನುಮನೆಗಳ ಬಾಯಿ ಹಿಡಿಯಿತು.
'ಕಳ್ಳ ಅಂದ್ರು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ,
ಹಂಗೇ ಹೋದ.
ನೀವು ಓದಿದೋರು, ನೋಡಿ ಹೇಳಿ.'

ಮೊದಲು ಚೀಟಿ ಬರೆದೆ, ಅಭ್ಯಾಸಬಲ.
ಆಮೇಲೆ ಲೆನ್ಸು ಕಣ್ಣಿಗೊತ್ತಿ
ಹೊಸ್ತಿಲ ಬಿಸಿಲಿಗೆ ಹಿಡಿದೆ. ಒಂದು ಚುಕ್ಕೆ.
ತಿರುವಿದರೆ ಸುಳ್ಳು ಹೊಳಪು ಮಿನುಗಿ ಆರುತ್ತದೆ,
ಇದು ಆರಲಿಲ್ಲ.
ಕೊಡೆ ಬಿಚ್ಚಿ ನೆರಳು ಮಾಡಿದೆ.
ನೆರಳಲ್ಲೂ ಅದೇ ಹಳದಿ,
ಅರ್ಧ ಸಾಸಿವೆಯಷ್ಟು.

'ಕಾಗೆಬಂಗಾರ' ಅಂದೆ.

ನನ್ನ ಮುಖವನ್ನೇ ಕೊಂಚ ಹೊತ್ತು ನೋಡಿದಳು,
ಹೊಗೆ ಹುಡುಕುವ ಹಾಗೆ.
'ಮುಂಡೇದು, ನೆಟ್ಟಗೆ ಕದಿಯೋಕೂ ಬರಲಿಲ್ಲ ಅದಕ್ಕೆ'
ಎಂದು ಜೋರಾಗಿ ನಕ್ಕಳು,
ಪಕ್ಕದ ಮನೆಗೂ ಕೇಳಿಸುವಷ್ಟು.
ಕಲ್ಲು ಮತ್ತೆ ಜಾಡಿಯ ಮೇಲೆ ಕೂತಿತು.

ಸಂಜೆ ಬಸ್ಸಿನಲ್ಲಿ ಚೀಲಗಳ ಲೆಕ್ಕ.
ಹದಿನಾರಾದ ಮೇಲೆ ಹದಿನೆಂಟು.
ನಡುವಿನದು ಖಾಲಿ, ಚೀಟಿ ಮಾತ್ರ ಇದೆ:
ತಾರೀಖು ಸರಿ. ಆಳ, ಎಂಟುನೂರಡಿ.
ಎತ್ತಿದವರು ಯಾರು ಎಂಬಲ್ಲಿ
ಪೆನ್ನು ನಿಂತ ಗುರುತು, ಒಂದು ಶಾಯಿ ಚುಕ್ಕೆ.
ಅವನ ಹೆಸರು
ನಾನು ಕೇಳಿಯೇ ಇರಲಿಲ್ಲ.