ಹಸಿದ ನೀರು

ಕಿದ್ಫಾದ ಸ್ಥಾವರದಲ್ಲಿ ನನ್ನದು ಕೊನೆಯ ಕೊಳವೆ.
ನನ್ನ ಬಳಿ ಬರುವಷ್ಟರಲ್ಲಿ ಕಡಲು
ಉಪ್ಪು ಬಿಟ್ಟು, ಹೆಸರು ಬಿಟ್ಟು, ಬಟ್ಟಬರಿದು.
ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತಿದ್ದಳು ಅಜ್ಜಿ;
ಇಲ್ಲಿ ನೀರಿನ ಉಪ್ಪನ್ನೇ ತಿನ್ನುವ ಯಂತ್ರದ ಮುಂದೆ
ಹನ್ನೊಂದು ವರ್ಷದಿಂದ ನನ್ನ ರಾತ್ರಿಪಾಳಿ.

ಬರಿ ನೀರು ಸಾಧುವಲ್ಲ. ಅದಕ್ಕೆ ಹಸಿವು.
ಕಬ್ಬಿಣ ಸಿಕ್ಕರೆ ಕಬ್ಬಿಣ, ಸಿಮೆಂಟು ಸಿಕ್ಕರೆ ಸಿಮೆಂಟು,
ನೆಕ್ಕುತ್ತಾ ನೆಕ್ಕುತ್ತಾ ಫುಜೈರಾವರೆಗೂ ಹೋದೀತು.
ಅದಕ್ಕೇ ಸುಣ್ಣಕಲ್ಲಿನ ಹಾಸಿನ ಮೇಲೆ ಹಾಯಿಸುತ್ತೇವೆ.
ಹೊಟ್ಟೆ ತುಂಬಿದರೆ ಸುಮ್ಮನಾಗುತ್ತದೆ.

"ಬಾಯಲ್ಲೂ ಇದೇ ಕೆಲಸ" ಅಂದರು ಡಾಕ್ಟರ್ ಉಮೈಮಾ,
ಖಾರ್ಟೂಮಿನವರು, ನನ್ನ ಮಗಳ ದವಡೆಗೆ ದೀಪ ಹಿಡಿದು.
ಎಂಜಲೂ ಸುಣ್ಣ ಹೊತ್ತ ನೀರೇ.
ತುಂಬಿದ್ದಾಗ ಹಲ್ಲಿಗೆ ಕೊಡುತ್ತದೆ, ಹುಳಿಯಾದಾಗ ಕಿತ್ತುಕೊಳ್ಳುತ್ತದೆ.
ಕರಕ್ ಚಹಾ, ಖರ್ಜೂರ, ಶಾಲೆಯ ಬಸ್ಸಿನಲ್ಲಿ ಹಂಚಿದ ಮಿಠಾಯಿ:
ಒಂದೊಂದಕ್ಕೂ ಅರ್ಧ ಗಂಟೆ ಕಿತ್ತಾಟ.

ಮೇದಿನಿಗೆ ಏಳು. ಇಲ್ಲೇ ಹುಟ್ಟಿದವಳು,
ನಾನು ಸೋಸಿದ ನೀರನ್ನೇ ಕುಡಿದು ಬೆಳೆದವಳು.
ಹಾಲುಬಿಳುಪು ಹಲ್ಲು. ಎರಡರಲ್ಲಿ ಸೀಮೆಸುಣ್ಣದ ಚುಕ್ಕೆ,
ಮೇಲೆ ನುಣುಪು, ಒಳಗೆ ಟೊಳ್ಳಿನ ಶುರು.

ಆಮೇಲೆ ನನ್ನ ಸರದಿ. ನಾನು ಬಾಯಿ ಬಿಡುವವನಲ್ಲ.
ಪಾವಗಡದ ಬೋರ್‌ವೆಲ್ಲು ಎಳೆದ ಕಂದು ಗೆರೆ
ಮುಂದಿನ ಆರಕ್ಕೂ, ಅಡ್ಡಡ್ಡ.
ಪಾಸ್‌ಪೋರ್ಟಿನಲ್ಲಿ ಮುಚ್ಚಿದ ತುಟಿ, ಮದುವೆ ಆಲ್ಬಮ್ಮಿನಲ್ಲೂ.
ಆಕೆ ಕೊಕ್ಕೆಯಿಂದ ಒಂದೊಂದನ್ನೂ ತಟ್ಟಿದರು.
"ಒಂದೂ ಹುಳುಕಿಲ್ಲ."

ಅದೇ ಫ್ಲೋರೈಡು, ಅಂದರು.
ಹಲ್ಲು ಮೂಡುವ ಮೊದಲೇ ಅತಿಯಾದರೆ ಕಲೆ.
ಹದವಾಗಿ ಬಂದರೆ, ಹರಳಿನೊಳಗೆ ಎದ್ದುಹೋದವರ ಜಾಗದಲ್ಲಿ ಕೂರುತ್ತದೆ.
ನನಗೆ ಕ್ಯಾಂಪಿನ ಕೋಣೆ ನೆನಪಾಯಿತು:
ವೀಸಾ ಮುಗಿದವನ ಮಂಚಕ್ಕೆ ಅದೇ ಸಂಜೆ ಹೊಸಬ,
ಮೊದಲಿನವನಿಗಿಂತ ಗಟ್ಟಿಗ, ಯಾರು ಎಬ್ಬಿಸಿದರೂ ಏಳ.

ಮೇದಿನಿಯ ಹಲ್ಲಿಗೆ ಹಳದಿ ಅಂಟು ಬಳಿದರು.
ಕೈಗೆ ಒಂದು ಡಬ್ಬಿ ಚೂಯಿಂಗ್ ಗಮ್, ಕ್ಸೈಲಿಟಾಲಿನದು.
ಸಕ್ಕರೆಯ ವೇಷ ಅದು. ಕ್ರಿಮಿ ಒಳಗೆ ಕರೆದುಕೊಳ್ಳುತ್ತದೆ,
ಉರಿಸಲು ಬರುವುದಿಲ್ಲ, ಹೊರಗೆ ನೂಕಿ ನೂಕಿ ಸುಸ್ತು.
ಹಲ್ಲಿಗೆ ಅದು ತಾನಾಗಿ ಏನೂ ಕೊಡುವುದಿಲ್ಲವಂತೆ;
ಕಳ್ಳನ ರಾತ್ರಿ ಹಾಳು ಮಾಡುತ್ತದೆ,
ಅಗಿಯುವಾಗ ಎಂಜಲು ಊರುತ್ತದೆ. ಉಳಿದದ್ದು ನೀರಿನ ಕೆಲಸ.

ಕಾರಿನ ಕನ್ನಡಿ ಬಾಗಿಸಿ ಹಲ್ಲು ಕಿರಿದಳು:
"ಅಪ್ಪಾ, ನಿನ್ನ ಥರಾನೇ ಆಯ್ತು!"
ನಾಳೆ ಉಜ್ಜಿದರೆ ಹೋಗುತ್ತೆ ಕಣೇ ಅಂದೆ.
"ನಿಂದು?"

ಕಾರ್ನಿಶಿನ ಕೆಂಪು ದೀಪ. ನಗು ತಡೆಯಲಾಗಲಿಲ್ಲ,
ಕೈ ಅಡ್ಡ ಹಿಡಿಯುವುದೂ ಮರೆತೆ.
ಪಕ್ಕದ ಟ್ಯಾಕ್ಸಿಯವನು ನೋಡಿದ.
ನೋಡಲಿ.